ಬಾಣಂತಿಯ ಕೋಣೆಗೂ ಒಂದು ಬಾಗಿಲಿದೆ

ಚೊಚ್ಚಲ ಹೆರಿಗೆಯಾದವಳಿಗೆ ರಾತ್ರಿ ಎರಡು ಗಂಟೆಗೆ ಏನೇನು ಸಂದೇಹಗಳು ಬರುತ್ತವೆ ಎಂಬುದು ನಿಮಗೆ ಗೊತ್ತಿಲ್ಲದ್ದಲ್ಲ. ಮಗು ಯಾಕೆ ಇಷ್ಟು ಅಳುತ್ತಿದೆ? ಹಾಲು ಸಾಲುತ್ತಿಲ್ಲವೇ? ಹೊಕ್ಕುಳು ಒದ್ದೆಯಾಗಿದೆಯಲ್ಲ, ಪರವಾಗಿಲ್ಲವೇ? ನಮ್ಮ ಬಾಣಂತನದಲ್ಲಿ ಪಕ್ಕದ ಚಾಪೆಯಲ್ಲೇ ಉಮ್ಮ ಮಲಗಿರುತ್ತಿದ್ದರು. ಒಮ್ಮೆ ಕರೆದರೆ ಸಾಕು, ಎದ್ದು ಮಗುವನ್ನು ಎತ್ತಿಕೊಳ್ಳುತ್ತಿದ್ದರು. ನಲ್ವತ್ತು ದಿನದ ಆರೈಕೆಯೆಲ್ಲ ತವರಿನಲ್ಲೇ ಮುಗಿಯುತ್ತಿತ್ತು. ಈಗ ನಮ್ಮ ಎಷ್ಟೋ ಹೆಣ್ಣುಮಕ್ಕಳು ಬೆಂಗಳೂರಿನ ಫ್ಲ್ಯಾಟ್‌ನಲ್ಲೋ ದುಬೈ, ದಮ್ಮಾಮ್‌ನ ಕೋಣೆಯಲ್ಲೋ ಗಂಡನೊಬ್ಬನ ಆಸರೆಯಲ್ಲಿ ಬಾಣಂತನ ಕಳೆಯುತ್ತಾರೆ. ಉಮ್ಮನ ಜಾಗದಲ್ಲಿ ಈಗ ಮೊಬೈಲ್ ಇದೆ.

ಇದನ್ನು ಕಂಡೇ ನನ್ನ ಬಳಿ ಓದಿದ ಹುಡುಗಿಯೊಬ್ಬಳು, ಈಗ ಸಾಫ್ಟ್‌ವೇರ್ ಇಂಜಿನಿಯರ್, ಗರ್ಭಿಣಿಯರಿಗೂ ಹೊಸ ತಂದೆತಾಯಂದಿರಿಗೂ ಒಂದು ಆ್ಯಪ್ ರೂಪಿಸಲು ಹೊರಟಿದ್ದಾಳೆ. ಅದರಲ್ಲಿ ಲೈವ್ ಇರುತ್ತದಂತೆ. ಅಂದರೆ ಒಬ್ಬರು ಮಾತನಾಡುವಾಗಲೇ ನೂರಾರು ಮಂದಿ ನೋಡಬಹುದು, ಪ್ರಶ್ನೆ ಕೇಳಬಹುದು. "ಟೀಚರ್, ಅದರಲ್ಲಿ ಏನಿರಬೇಕು, ಏನಿರಬಾರದು, ನೀವೇ ಹೇಳಿ" ಎಂದಳು. ನಾನು ಮದ್ರಸದಲ್ಲಿ ಕಲಿತು, ಬಿ.ಎ. ಮುಗಿಸಿ ಮಕ್ಕಳಿಗೆ ಪಾಠ ಹೇಳುವವಳು. ತಂತ್ರಜ್ಞಾನ ನನ್ನ ವಿಷಯವಲ್ಲ. ಆದರೆ ಈ ಪ್ರಶ್ನೆ ಯಂತ್ರಕ್ಕಿಂತ ಹೆಚ್ಚಾಗಿ ಮನೆಗೆ ಸೇರಿದ್ದು. ಆದ್ದರಿಂದ ಅವಳಿಗೆ ಹೇಳಿದ್ದನ್ನು ನಿಮ್ಮ ಮುಂದೆಯೂ ಇಡುತ್ತೇನೆ.

ಮೊದಲನೆಯದು ಕ್ಯಾಮರಾ. ಬಾಣಂತಿಯ ತಲೆ ಕೆದರಿರುತ್ತದೆ, ಮಗು ಹಾಲು ಕುಡಿಯುತ್ತಿರುತ್ತದೆ. ಪರ್ದಾ ಪಾಲಿಸುವವಳೇ ಆಗಬೇಕೆಂದಿಲ್ಲ, ಆ ಹೊತ್ತಿನಲ್ಲಿ ಅಪರಿಚಿತರ ಕಣ್ಣಿಗೆ ಬೀಳಲು ಯಾವ ಹೆಣ್ಣು ತಾನೇ ಬಯಸುತ್ತಾಳೆ? ಕ್ಯಾಮರಾ ತೆರೆದರೆ ಮಾತ್ರ ಮಾತು ಎಂದಾದರೆ, ಹೆಚ್ಚು ಕಷ್ಟದಲ್ಲಿರುವವಳೇ ಬಾಯಿ ಮುಚ್ಚಿ ಕೂರುತ್ತಾಳೆ. ಮುಖ ಬೇಡ, ದನಿ ಸಾಕು. 2017ರಲ್ಲಿ ಮಿಷೆಲ್ ಕೆನಡಿ ಲಂಡನ್‌ನಲ್ಲಿ ಆರಂಭಿಸಿದ ‘ಪೀನಟ್’ ಎಂಬ ತಾಯಂದಿರ ಆ್ಯಪ್, 2021ರಲ್ಲಿ ಲೈವ್ ಮಾತುಕತೆಯನ್ನು ಧ್ವನಿಯ ರೂಪದಲ್ಲೇ ತಂದಿತು. ಭಾರತ ಸರಕಾರ 2016ರಲ್ಲಿ ಆರಂಭಿಸಿದ ‘ಕಿಲ್ಕಾರಿ’ ಯೋಜನೆಯೂ ಹಾಗೆಯೇ. ಗರ್ಭದ ನಾಲ್ಕನೇ ತಿಂಗಳಿನಿಂದ ಮಗುವಿಗೆ ವರ್ಷ ತುಂಬುವವರೆಗೆ ವಾರಕ್ಕೊಂದರಂತೆ 72 ಧ್ವನಿ ಸಂದೇಶಗಳು ಸಾಮಾನ್ಯ ಫೋನಿಗೂ ಬರುತ್ತವೆ. ಆದರೆ ಅಲ್ಲಿ ಕೇಳಿಸಿಕೊಳ್ಳಬಹುದೇ ಹೊರತು ಮರುಪ್ರಶ್ನೆ ಹಾಕುವಂತಿಲ್ಲ. ಆ ಕೊರತೆಯನ್ನು ಲೈವ್ ತುಂಬಬಲ್ಲದು.

ಎರಡನೆಯದು, ಆಡಿದ ಮಾತು. ಯಾರೋ ಹಿರಿಯರು ಪ್ರೀತಿಯಿಂದಲೇ "ಮಗುವಿನ ನಾಲಿಗೆಗೆ ಚೂರು ಜೇನು ಸವರಿ" ಎಂದುಬಿಟ್ಟರೆ? ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಬಾರದು. ಅದರಲ್ಲಿರಬಹುದಾದ ಬೊಟುಲಿಸಂ ರೋಗಾಣು ಎಳೆಯ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡಿದರೆ ಸ್ನಾಯುಗಳು ಸೋತು ಉಸಿರಾಟಕ್ಕೇ ತೊಂದರೆಯಾಗಬಹುದು. ಮನೆಯಲ್ಲಿ ಆಡಿದ ಮಾತು ಒಂದು ಮಗುವಿಗೆ ತಗಲುತ್ತದೆ, ಲೈವ್‌ನಲ್ಲಿ ಆಡಿದ ಮಾತು ನೂರು ಮಕ್ಕಳಿಗೆ. ಆದ್ದರಿಂದ ಪ್ರತಿ ಲೈವ್‌ನಲ್ಲೂ ವೈದ್ಯೆಯೋ ಅನುಭವಿ ನರ್ಸೋ ಜೊತೆಗಿರಬೇಕು. ತಪ್ಪು ಮಾತನ್ನು ಅಲ್ಲೇ ತಡೆದು ತಿದ್ದುವ ಅಧಿಕಾರ ಅವರಿಗಿರಬೇಕು. ಹಾಲಿನ ಪುಡಿ, ಹಾಲಿನ ಬಾಟಲಿಗಳ ಪ್ರಚಾರಕ್ಕಂತೂ ಅವಕಾಶವೇ ಇರಬಾರದು. 1992ರ ಕಾನೂನು ಅದನ್ನು ನಿಷೇಧಿಸಿದೆ. ಹಾಗೆಯೇ ವಿದೇಶಗಳಲ್ಲಿ ಸ್ಕ್ಯಾನಿಂಗ್ ನೋಡಿ ಗಂಡೋ ಹೆಣ್ಣೋ ಎಂದು ಸಂಭ್ರಮದಿಂದ ಸಾರುತ್ತಾರೆ. ಹುಟ್ಟುವ ಮೊದಲೇ ಹೆಣ್ಣನ್ನು ಕೊಂದ ನಮ್ಮ ದೇಶದಲ್ಲಿ 1994ರ ಕಾನೂನಿನಂತೆ ಅದು ಅಪರಾಧ.

ಮೂರನೆಯದು, ಮಾತಿಗೆ ಸಮಯವಿಲ್ಲದ ಹೊತ್ತು. ವಿಪರೀತ ರಕ್ತಸ್ರಾವ, ಜ್ವರ, ಅಪಸ್ಮಾರದಂತಹ ಸೆಳೆತ, ಮಗು ಹಾಲು ಚೀಪದಿರುವುದು, ಇವೆಲ್ಲ ಸಭೆಯಲ್ಲಿ ಕೇಳುವ ಪ್ರಶ್ನೆಗಳಲ್ಲ, ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ವಿಷಯಗಳು. ಆಗ ಪರದೆಯ ಮೇಲೆ ಆಂಬುಲೆನ್ಸ್‌ನ ಸಂಖ್ಯೆ ಕಾಣಬೇಕು. ಕರ್ನಾಟಕದಲ್ಲಿ 108 ಸರಿ. ಆದರೆ ದುಬೈಯಲ್ಲಿರುವವಳಿಗೆ 998, ಸೌದಿಯಲ್ಲಿರುವವಳಿಗೆ 997 ಬೇಕು. ಹೆರಿಗೆಯ ನಂತರ ಎರಡು ವಾರ ಕಳೆದರೂ ಅಳು ನಿಲ್ಲದಿದ್ದರೆ, ಮಗುವನ್ನು ಕಂಡರೆ ಏನೂ ಅನಿಸದಿದ್ದರೆ, ಅದು ಸೊಕ್ಕಲ್ಲ, ಕಾಯಿಲೆ. ನಮ್ಮ ದೇಶದಲ್ಲಿ ಅದಕ್ಕೆ 2022ರಿಂದ 14416 ಎಂಬ ಉಚಿತ ‘ಟೆಲಿ ಮಾನಸ್’ ಸಹಾಯವಾಣಿ ಇದೆ.

ನಾಲ್ಕನೆಯದನ್ನು ಹೇಳುವಾಗ ನನ್ನ ದನಿ ತಗ್ಗಿತು. ಎಲ್ಲ ಬಸಿರೂ ತೊಟ್ಟಿಲವರೆಗೆ ಬರುವುದಿಲ್ಲ. ಅಮೆರಿಕದ ಪತ್ರಕರ್ತೆ ಗಿಲಿಯನ್ ಬ್ರೋಕೆಲ್ ಅವರ ಮಗು ಗರ್ಭದಲ್ಲೇ ತೀರಿಕೊಂಡಿತು. ಆದರೂ ಅವರ ಫೋನಿಗೆ ಮಗುವಿನ ವಸ್ತುಗಳ ಜಾಹೀರಾತು ಬರುತ್ತಲೇ ಇತ್ತು. ನಾನು ಗರ್ಭಿಣಿ ಎಂದು ತಿಳಿದುಕೊಂಡ ನಿಮಗೆ ನನ್ನ ಮಗು ಹೋದದ್ದು ತಿಳಿಯಲಿಲ್ಲವೇ ಎಂಬ ಅರ್ಥದ ಬಹಿರಂಗ ಪತ್ರವನ್ನು ಅವರು 2018ರಲ್ಲಿ ತಂತ್ರಜ್ಞಾನ ಕಂಪೆನಿಗಳಿಗೆ ಬರೆದರು. ಆದ್ದರಿಂದ ಕಾರಣ ಕೇಳದೆ ಎಲ್ಲ ಸಂದೇಶಗಳನ್ನೂ ನಿಲ್ಲಿಸುವ ಒಂದು ಗುಂಡಿ ಆ್ಯಪ್‌ನಲ್ಲಿ ಸುಲಭವಾಗಿ ಸಿಗುವಂತಿರಬೇಕು.

ಅವಳು ಎಲ್ಲವನ್ನೂ ಬರೆದುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಟೀಚರ್, ಜನರು ಎಷ್ಟು ಹೊತ್ತು ನೋಡುತ್ತಾರೆ ಎಂದು ಲೆಕ್ಕ ಹಾಕಿಯೇ ಹಣ ಹಾಕುವವರು ಬರುತ್ತಾರೆ. ಮುಖವಿಲ್ಲದಿದ್ದರೆ ಯಾರು ಕೂರುತ್ತಾರೆ?" ಎಂದಳು. ಅವಳ ಚಿಂತೆ ಸುಳ್ಳಲ್ಲ. ಆದರೆ ನಾನು ಕೇಳಿದೆ, "ಬಾಣಂತಿ ಮಧ್ಯರಾತ್ರಿ ಹೆಚ್ಚು ಹೊತ್ತು ಕೂರಬೇಕೋ, ಬೇಗ ಮಲಗಬೇಕೋ? ಅವಳ ಸಂದೇಹ ಐದು ನಿಮಿಷದಲ್ಲಿ ತೀರಿ ಅವಳು ನಿದ್ದೆಹೋದರೆ, ಆ ನಿದ್ದೆಯನ್ನೇ ನೀನು ಲೆಕ್ಕಕ್ಕೆ ಹಿಡಿಯಬಾರದೇಕೆ?" ಉತ್ತರ ಇನ್ನೂ ಬಂದಿಲ್ಲ. ಆದರೆ ಗಂಡಂದಿರಿಗಾಗಿ ಬೇರೆಯೇ ಒಂದು ಗಂಟೆ ಇಡುವುದಾಗಿ ಹೇಳಿದ್ದಾಳೆ. ದೂರದೂರಿನಲ್ಲಿ ಮಗುವನ್ನು ಸ್ನಾನ ಮಾಡಿಸಬೇಕಾದವನು ಅವನೇ ತಾನೇ!

ಸಹೋದರಿಯರೇ, ಇಂತಹ ಆ್ಯಪ್‌ಗಳು ಇನ್ನೂ ಬರುತ್ತವೆ, ನಮ್ಮ ಮಗಳಂದಿರು, ಸೊಸೆಯಂದಿರು ಅವನ್ನು ತೆರೆಯುತ್ತಾರೆ. ಬೇಡವೆನ್ನುವ ಮೊದಲು ಅವರ ಪಕ್ಕದಲ್ಲಿ ಕುಳಿತು ಮೂರು ಮಾತು ಕೇಳೋಣ. ಇಲ್ಲಿ ಸಲಹೆ ಕೊಡುವವರು ಯಾರು? ನಿನ್ನನ್ನು ನೋಡುವವರು ಯಾರು? ಬೇಡವೆನಿಸಿದಾಗ ಬಾಗಿಲು ಮುಚ್ಚುವ ಹಕ್ಕು ನಿನಗಿದೆಯೇ? ಮೂರಕ್ಕೂ ಉತ್ತರ ಸಿಕ್ಕಿದರೆ ಅವಳು ಧೈರ್ಯವಾಗಿ ಕೇಳಲಿ. ಸಿಗದಿದ್ದರೆ, ರಾತ್ರಿ ಎರಡು ಗಂಟೆಗೆ ಅವಳು ಕರೆ ಮಾಡಿದಾಗ ಎದ್ದು ಫೋನ್ ಎತ್ತುವವರು ನಾವಾಗೋಣ.