ಕಥೆಯೂ ಕಟ್ಟಳೆಯೂ

ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನೂ ಬೊಮ್ಮಸಂದ್ರದ ಕಾರ್ಖಾನೆಗಳನ್ನೂ ದಾಟಿದ ಮೇಲೆ ಚಂದಾಪುರವು ಸಿಕ್ಕುವುದು. ಆನೇಕಲ್ಲಿಗೆ ಹೋಗತಕ್ಕವರು ಹೆದ್ದಾರಿಯನ್ನು ಬಿಟ್ಟು ತಿರುಗುವುದು ಇಲ್ಲಿಯೇ. ಹಿಂದೆ ರಾಗಿಯ ಹೊಲಗಳಿದ್ದ ಕಡೆಗಳಲ್ಲಿ ಈಗ ಅಂತಸ್ತಿನ ಮೇಲೆ ಅಂತಸ್ತು ಏರಿದ ವಸತಿಗಳು ನಿಂತಿರುವುವು. ಅಂಥ ಒಂದು ವಸತಿಯ ಆರನೆಯ ಅಂತಸ್ತಿನಲ್ಲಿ ಮಗ ಸೊಸೆಯರೊಡನೆ ವಾಸವಾಗಿರುವ ನಿವೃತ್ತ ಉಪಾಧ್ಯಾಯರೊಬ್ಬರಿಗೆ ಪ್ರತಿ ಶನಿವಾರ ರಾತ್ರಿಯೂ ಒಂದು ಸಣ್ಣ ಸಂಕಟವು ಕಾದಿರುತ್ತಿತ್ತು. ಮಗನ ಕಚೇರಿಯ ಸ್ನೇಹಿತರು ನಾಲ್ವರೋ ಐವರೋ ಬರುವರು. ಊಟದ ಮೇಜಿನ ಮೇಲೆ ಚಿತ್ರವಿಚಿತ್ರವಾದ ಎಲೆಗಳು ಹರಡುವುವು. ಬಣ್ಣಬಣ್ಣದ ಬಿಲ್ಲೆಗಳು ಸುರಿಯುವುವು. ಆ ಮೇಲೆ ಎರಡು ಗಂಟೆಗಳ ಕಾಲ ಮಾತು ಕಡಿಮೆ, ಯೋಚನೆ ಹೆಚ್ಚು. ಪಗಡೆ ಚೌಕಾಬಾರಗಳ ಗದ್ದಲದಲ್ಲಿ ಬೆಳೆದ ಮೇಷ್ಟರಿಗೆ ಈ ಮೌನವು ಪರೀಕ್ಷೆಯ ಕೊಠಡಿಯನ್ನು ಜ್ಞಾಪಕಕ್ಕೆ ತರುತ್ತಿತ್ತು.

"ಲೆಕ್ಕದ ಪುಸ್ತಕಕ್ಕೆ ಚಿತ್ರದ ರಟ್ಟು ಹಾಕಿದ್ದೀರಪ್ಪ, ಅಷ್ಟೇ," ಎಂದು ಅವರು ಒಂದು ದಿನ ಮೂಗಿನ ಮೇಲಿನ ಕನ್ನಡಕವನ್ನು ಸರಿಪಡಿಸುತ್ತ ಹೇಳಿಯೇಬಿಟ್ಟರು.

ಈ ಜಾತಿಯ ಆಟಗಳಿಗೆ ಇಂಗ್ಲಿಷಿನಲ್ಲಿ ಟ್ಯಾಬ್ಲೋ ಕಟ್ಟುವ ಆಟಗಳೆಂದು ಹೆಸರು. ಮೈಸೂರಿನ ಜಂಬೂಸವಾರಿಯಲ್ಲಿ ಸಾಗುವ ಸ್ತಬ್ಧಚಿತ್ರಗಳಿಗೂ ಆ ಭಾಷೆಯಲ್ಲಿ ಇದೇ ಮಾತು. ಆದರೆ ಕನ್ನಡದ ಮನೆಗಳಿಗೆ ಇದಕ್ಕಿಂತ ಹತ್ತಿರವಾದ ಹೋಲಿಕೆಯೆಂದರೆ ನವರಾತ್ರಿಯ ಗೊಂಬೆಗಳ ಸಾಲು. ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ಗೊಂಬೆಗಳಿಂದ ಆರಂಭವಾಗಿ, ವರ್ಷಕ್ಕೊಂದೆರಡು ಹೊಸ ಗೊಂಬೆಗಳು ಸೇರಿ, ಮನೆಮನೆಗೂ ಬೇರೆಯೇ ಆದ ಒಂದು ಪ್ರಪಂಚವು ಮೆಟ್ಟಿಲುಗಳ ಮೇಲೆ ಕಟ್ಟಿಕೊಳ್ಳುವುದಷ್ಟೆ. ಇಲ್ಲಿಯೂ ಆಟಗಾರನು ಒಂದೊಂದೇ ಎಲೆಯನ್ನು ಬೆಲೆ ತೆತ್ತು ತನ್ನ ಮುಂದೆ ಇಡುತ್ತ ಹೋಗುವನು. ಇಟ್ಟುದು ಆಟ ಮುಗಿಯುವವರೆಗೆ ಅಲ್ಲಿಯೇ ಇರುವುದು. ವ್ಯತ್ಯಾಸವಿಷ್ಟೆ: ಗೊಂಬೆಯು ಸುಮ್ಮನೆ ಕುಳಿತಿರುವುದು, ಎಲೆಯು ದುಡಿಯುವುದು. ಮೊದಲಿಟ್ಟ ಎಲೆಯು ಮುಂದಿನ ಎಲೆಯ ಬೆಲೆಯನ್ನು ಇಳಿಸಬಹುದು, ಅದರ ಫಲವನ್ನು ಏರಿಸಬಹುದು. ಹೀಗೆ ಒಂದನ್ನೊಂದು ಆಶ್ರಯಿಸಿದ ಸಾಲನ್ನು ಯಾರು ಚೆನ್ನಾಗಿ ಕಟ್ಟಿದರೋ ಅವರಿಗೆ ಗೆಲುವು.

ಮೇಷ್ಟರು ಮೂವತ್ತು ವರ್ಷಗಳ ಕಾಲ ತಾಲ್ಲೂಕಿನ ಶಾಲೆಗಳಲ್ಲಿ ಕನ್ನಡವನ್ನು ಕಲಿಸಿದವರಾದುದರಿಂದ ಆಕ್ಷೇಪಣೆಯನ್ನು ಬರಿಯ ಆಕ್ಷೇಪಣೆಯಾಗಿ ಬಿಡಲಿಲ್ಲ. ಅದಕ್ಕೊಂದು ಲಕ್ಷಣವನ್ನೂ ಹೇಳಿದರು. ಅಲಂಕಾರಶಾಸ್ತ್ರದಲ್ಲಿ ಒಂದು ಪರೀಕ್ಷೆಯುಂಟು. ಪದ್ಯದಲ್ಲಿನ ಒಂದು ಶಬ್ದವನ್ನು ತೆಗೆದು ಅದೇ ಅರ್ಥದ ಬೇರೊಂದನ್ನು ಇಟ್ಟು ನೋಡಬೇಕು. ಅಲಂಕಾರವು ಅಳಿದುಹೋದರೆ ಅದು ಶಬ್ದವನ್ನು ನಂಬಿದ್ದುದು. ಉಳಿದರೆ ಅರ್ಥವನ್ನು ನಂಬಿದ್ದುದು. ಆಟಕ್ಕೂ ಇದನ್ನೇ ಹಚ್ಚಬಹುದೆಂದು ಮೇಷ್ಟರ ವಾದ. ಹೆಸರುಗಳನ್ನೆಲ್ಲ ಬದಲಿಸಿ ಆಡಿ ನೋಡು. ಆಟವು ಕೂದಲೆಳೆಯಷ್ಟೂ ಕದಲದಿದ್ದರೆ ಅದರ ಕಥೆಯು ಮೇಲುಹೊದಿಕೆ. ಕದಲಿ ಕುಂಟಿದರೆ ಕಥೆಯೂ ಕಟ್ಟಳೆಯೂ ಒಂದರೊಳಗೊಂದು ಬೆಸೆದುಕೊಂಡಿವೆಯೆಂದು ತಿಳಿಯತಕ್ಕುದು.

ಅಂದು ಮೇಜಿನ ಮೇಲಿದ್ದುದು ಸ್ಪ್ಲೆಂಡರ್ ಎಂಬ ಆಟ. ಮಾರ್ಕ್ ಆಂಡ್ರೆ ಎಂಬವರು ರಚಿಸಿದುದು, ೨೦೧೪ರಲ್ಲಿ ಪ್ರಕಟವಾದುದು. ಆಟಗಾರರೆಲ್ಲರೂ ಹಳೆಯ ಕಾಲದ ಐರೋಪ್ಯ ರತ್ನವ್ಯಾಪಾರಿಗಳು. ಪಚ್ಚೆ, ನೀಲ, ಕೆಂಪು, ವಜ್ರ, ಕಪ್ಪುಕಲ್ಲು ಎಂಬ ಐದು ಬಗೆಯ ಬಿಲ್ಲೆಗಳನ್ನು ಕೊಟ್ಟು ಎಲೆಗಳನ್ನು ಕೊಳ್ಳುವುದು. ಕೊಂಡ ಪ್ರತಿಯೊಂದು ಎಲೆಯೂ ಮುಂದಿನ ಖರೀದಿಗಳಿಗೆಲ್ಲ ಒಂದು ರತ್ನದಷ್ಟು ರಿಯಾಯಿತಿಯಾಗಿ ನಿಲ್ಲುವುದು. ಮೇಷ್ಟರು ಆ ದಿನ ಮೊತ್ತಮೊದಲು ಮೇಜಿಗೆ ಬಂದು ಕುಳಿತು, ಕೆಂಪನ್ನು ಒಣಮೆಣಸಿನಕಾಯಿಯೆಂದೂ ಪಚ್ಚೆಯನ್ನು ಕೊತ್ತಂಬರಿಯೆಂದೂ ವಜ್ರವನ್ನು ಬೆಳ್ಳುಳ್ಳಿಯೆಂದೂ ಗಟ್ಟಿಯಾಗಿ ಕರೆಯುತ್ತ ಆಡಿದರು. ಹುಡುಗರು ನಕ್ಕು ನಕ್ಕು ಸುಸ್ತಾದರು. ಆಟವು ಮಾತ್ರ ಸಾರಿನಪುಡಿಯ ಅಂಗಡಿಯಲ್ಲಿಯೂ ನಿರಾತಂಕವಾಗಿ ನಡೆಯಿತು. ಅದು ಕೆಟ್ಟ ಆಟವೆಂದಲ್ಲ. ಬಹಳ ಹದವಾದ ಆಟ. ಆದರೆ ಅದರ ಸೊಗಸೆಲ್ಲ ಲೆಕ್ಕದಲ್ಲಿದೆ, ರತ್ನಗಳಲ್ಲಿಲ್ಲ.

ಗೆದ್ದ ಸಂತೋಷದಲ್ಲಿದ್ದ ಮೇಷ್ಟರಿಗೆ ಸೊಸೆಯು ಕಾಫಿಯ ಲೋಟವನ್ನು ಕೊಡುತ್ತ, "ಮಾವ, ನಿಮ್ಮ ಚೌಕಾಬಾರಕ್ಕೆ ಯಾವ ಕಥೆ ಇದೆ, ಹೇಳಿ?" ಎಂದಳು.

ಪ್ರಶ್ನೆಯು ನ್ಯಾಯವಾದುದೇ. ಚೌಕವೆಂದರೆ ನಾಲ್ಕು, ಬಾರವೆಂದರೆ ಎಂಟು. ಕವಡೆ ಬಿದ್ದಂತೆ ಕಾಯಿ ನಡೆದು ಹಣ್ಣಾಗುವುದು. ಅಲ್ಲಿ ಬದಲಿಸಲು ಹೆಸರೇ ಇಲ್ಲ. ಪರಮಪದಸೋಪಾನವನ್ನು ನೋಡಿದರೆ ಅಲ್ಲಿ ಕಥೆಯು ತುಂಬಿ ತುಳುಕುವುದು: ಸದ್ಗುಣಗಳು ಏಣಿಗಳು, ದುರ್ಗುಣಗಳು ಹಾವುಗಳು, ತುದಿಯಲ್ಲಿ ವೈಕುಂಠ. ಆದರೆ ಆಡುವವನ ಕೈಯಲ್ಲಿ ಏನಿದೆ? ಗರ ಬಿದ್ದಷ್ಟು ನಡೆಯುವುದೊಂದೇ. ದಾನ ಮಾಡಬೇಕೆಂದು ಮನಸ್ಸು ಮಾಡಿದವನಿಗೆ ದಾನದ ಏಣಿ ಸಿಕ್ಕುವುದಿಲ್ಲ; ಸುಳ್ಳು ಹೇಳದವನನ್ನೂ ಸುಳ್ಳಿನ ಹಾವು ನುಂಗುವುದು. ಕಥೆಯು ಕರ್ಮವನ್ನು ಬೋಧಿಸುವಾಗ ಕಟ್ಟಳೆಯು ಅದೃಷ್ಟವನ್ನು ಬೋಧಿಸುವುದು. "ಗರ ಅನ್ನೋದೇ ಪೂರ್ವಜನ್ಮದ ಕರ್ಮ ಕಣಮ್ಮ," ಎಂದು ಮೇಷ್ಟರು ಒಂದು ಸಮಾಧಾನವನ್ನು ಹೇಳಿದರು. ಸೊಸೆಯು ನಕ್ಕು ಸುಮ್ಮನಾದಳು. ಆ ನಗೆಯಿಂದ ವಾದದಲ್ಲಿ ತಾವು ಗೆಲ್ಲಲಿಲ್ಲವೆಂಬುದು ಅವರಿಗೆ ಗೊತ್ತಾಯಿತು.

ಹುಲಿಕುರಿಯಾಟವು ಪರೀಕ್ಷೆಯಲ್ಲಿ ಚೆನ್ನಾಗಿ ತೇರ್ಗಡೆಯಾಯಿತು. ಮೂರು ಹುಲಿ, ಹದಿನೈದು ಕುರಿ. ಹುಲಿಯು ಹಾರಿ ಕೊಲ್ಲುವುದು. ಕುರಿಯು ಕೊಲ್ಲಲಾರದು, ಒತ್ತೊತ್ತಾಗಿ ನಿಂತು ಹುಲಿಗೆ ದಾರಿಯಿಲ್ಲದಂತೆ ಮಾಡಬಲ್ಲುದು, ಅಷ್ಟೇ. ಒಂಟಿ ಕುರಿ ಸತ್ತಿತೆಂದೇ ಲೆಕ್ಕ. ಹತ್ತು ವರ್ಷದ ಮೊಮ್ಮಗಳು ಇದನ್ನು ಕಳ್ಳ ಪೊಲೀಸರ ಆಟವೆಂದೂ ಆಡಬಹುದಲ್ಲ ಎಂದು ಕೇಳಿದಳು. ಕಳ್ಳರು ಪೊಲೀಸರನ್ನು ತಿನ್ನುವುದಿಲ್ಲವೆಂದು ಅವಳೇ ಆಲೋಚಿಸಿ ಹಿಂತೆಗೆದುಕೊಂಡಳು.

ಇನ್ನು ಗಂಜೀಫಾ. ಇದರಲ್ಲಿ ಮೇಷ್ಟರ ಮುಖವು ಅರಳಿತು. ದಶಾವತಾರದ ಗಂಜೀಫೆಯಲ್ಲಿ ಅವತಾರಕ್ಕೆ ಹನ್ನೆರಡರಂತೆ ೧೨೦ ದುಂಡನೆಯ ಎಲೆಗಳು. ಹಗಲಿನಲ್ಲಿ ಆಡಿದರೆ ರಾಮನ ಅರಸೆಲೆಯುಳ್ಳವನು ಮೊದಲು ಇಳಿಯಬೇಕು, ರಾತ್ರಿಯಲ್ಲಾದರೆ ಕೃಷ್ಣನ ಅರಸೆಲೆಯುಳ್ಳವನು. ರಾಮನು ಸೂರ್ಯವಂಶದವನು, ಕೃಷ್ಣನು ಚಂದ್ರವಂಶದವನು. ಅದಲ್ಲದೆ ನಡುರಾತ್ರಿಯಲ್ಲಿ ಹುಟ್ಟಿದವನು. ಪುರಾಣವು ಇಲ್ಲಿ ಎಲೆಯ ಮೇಲಿನ ಬಣ್ಣವಾಗಿ ನಿಲ್ಲದೆ, ಕಿಟಕಿಯ ಹೊರಗಿನ ಬೆಳಕನ್ನು ನೋಡಿ ಆಟವನ್ನು ಆರಂಭಿಸುವಂತೆ ಮಾಡುವುದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಇಂಥ ಆಟಗಳಲ್ಲಿ ಬಹಳ ಆಸಕ್ತರಾಗಿದ್ದು, ಹದಿನೆಂಟು ಪಂಗಡಗಳ, ೩೬೦ ಎಲೆಗಳವರೆಗಿನ ಚದ್ ಗಂಜೀಫೆಗಳನ್ನು ಏರ್ಪಡಿಸಿದರು. ಅವರ ಶ್ರೀತತ್ತ್ವನಿಧಿಯಲ್ಲಿ ಆಟಗಳಿಗಾಗಿಯೇ ಕೌತುಕನಿಧಿಯೆಂಬ ಭಾಗವುಂಟು. ಆ ದೊಡ್ಡ ಗಂಜೀಫೆಗಳು ಜನರಲ್ಲಿ ಹರಡಲಿಲ್ಲ. ಕಥೆಯು ಎಷ್ಟೇ ಘನವಾಗಿದ್ದರೂ ೩೬೦ ಎಲೆಗಳ ಕಟ್ಟಳೆಯನ್ನು ನೆನಪಿಟ್ಟುಕೊಳ್ಳಲು ಅರಮನೆಯ ವಿರಾಮವು ಬೇಕಷ್ಟೆ.

ಮೇಷ್ಟರ ಮನಸ್ಸು ನಿಜವಾಗಿಯೂ ತಿರುಗಿದುದು ಮುಂದಿನ ಶನಿವಾರ. ಅಂದು ಬಂದ ಪೆಟ್ಟಿಗೆಯ ಮೇಲೆ ಒಂದು ಹಕ್ಕಿಯ ಚಿತ್ರವಿತ್ತು. ವಿಂಗ್‌ಸ್ಪ್ಯಾನ್ ಎಂದು ಆಟದ ಹೆಸರು. ರೆಕ್ಕೆಗಳ ಹರವು ಎಂದು ಅದರ ಅರ್ಥ. ಅಮೆರಿಕದ ಎಲಿಜಬೆತ್ ಹಾರ್‌ಗ್ರೇವ್ ಎಂಬಾಕೆಯು ರಚಿಸಿದ ಇದು ೨೦೧೯ರಲ್ಲಿ ಹೊರಬಂದು, ಅದೇ ವರ್ಷ ಜರ್ಮನಿಯಲ್ಲಿ ನುರಿತ ಆಟಗಾರರ ಆಟಗಳಿಗಾಗಿ ಕೊಡುವ ಪ್ರಶಸ್ತಿಯನ್ನು ಪಡೆಯಿತು. ಮೊದಲ ಪೆಟ್ಟಿಗೆಯಲ್ಲಿ ೧೭೦ ಹಕ್ಕಿಗಳ ಎಲೆಗಳು, ಒಂದರಂತೆ ಇನ್ನೊಂದಿಲ್ಲ. ಒಬ್ಬೊಬ್ಬರ ಮುಂದೆಯೂ ಕಾಡು, ಹುಲ್ಲುಗಾವಲು, ಜೌಗುನೆಲ ಎಂದು ಮೂರು ಸಾಲುಗಳು. ಸಾಲಿಗೆ ಐದು ಹಕ್ಕಿಗಳಿಗೆ ಎಡೆ. ಕಾಡಿನ ಸಾಲಿನಿಂದ ಆಹಾರವು ಬರುವುದು, ಹುಲ್ಲುಗಾವಲಿನಿಂದ ಮೊಟ್ಟೆಗಳು, ಜೌಗಿನಿಂದ ಹೊಸ ಎಲೆಗಳು. ಸಾಲಿನಲ್ಲಿ ಹಕ್ಕಿಗಳು ಹೆಚ್ಚಿದಷ್ಟೂ ಫಲವು ಹೆಚ್ಚು.

ಮೇಷ್ಟರು ಹೆಸರು ಬದಲಿಸುವ ಪರೀಕ್ಷೆಗೆ ಸಿದ್ಧರಾಗಿಯೇ ಕುಳಿತರು. ಅವರ ಕೈಗೆ ಬಂದುದು ಕೌಬರ್ಡ್ ಎಂಬ ಅಮೆರಿಕದ ಹಕ್ಕಿ. ಅದಕ್ಕೆ ಸ್ವಂತ ಗೂಡಿಲ್ಲ. ಅದರ ಎಲೆಯ ಮೇಲೆ ಮೊಟ್ಟೆಯಿಡಲು ಸ್ಥಳವೂ ಇಲ್ಲ. ಮತ್ತೊಬ್ಬ ಆಟಗಾರನು ಮೊಟ್ಟೆಯಿಡುವ ಸರದಿಯನ್ನು ಆರಿಸಿಕೊಂಡಾಗ, ಇದರ ಒಡೆಯನು ಬಟ್ಟಲಿನಾಕಾರದ ಗೂಡುಳ್ಳ ಒಂದು ಹಕ್ಕಿಯ ಮೇಲೆ ಒಂದು ಮೊಟ್ಟೆಯನ್ನಿಡಬಹುದು. ಮೇಷ್ಟರು ಆ ಎಲೆಯನ್ನು ಎರಡು ಸಲ ಓದಿಸಿಕೊಂಡರು.

"ಇದು ಕೋಗಿಲೆಯಲ್ಲವೇನೋ!" ಎಂದರು.

ಆಮೇಲೆ ಅವರೇ ಒಂದೊಂದು ಎಲೆಯನ್ನೂ ಕೇಳಿ ತಿಳಿಯತೊಡಗಿದರು. ರೇವನ್ ಎಂಬ ದೊಡ್ಡ ಕಾಗೆಯ ಎಲೆಯನ್ನಿಟ್ಟವನು ತನ್ನದೇ ಬೇರೊಂದು ಹಕ್ಕಿಯ ಮೊಟ್ಟೆಯನ್ನು ಕಳೆದು ಆಹಾರವನ್ನು ಪಡೆಯಬಹುದು. ಬೇಟೆಯ ಹಕ್ಕಿಯು ಕಟ್ಟಿನ ಮೇಲಿನ ಎಲೆಯನ್ನು ತೆಗೆದು ನೋಡುವುದು. ಅದರ ರೆಕ್ಕೆಗಳ ಹರವು ಗೊತ್ತಾದ ಅಳತೆಗಿಂತ ಕಡಿಮೆಯಾಗಿದ್ದರೆ ಹಿಡಿಯುವುದು, ದೊಡ್ಡದಾದರೆ ಬಿಟ್ಟುಬಿಡುವುದು. ರಣಹದ್ದು ತಾನಾಗಿ ಬೇಟೆಯಾಡದು. ಬೇರೊಬ್ಬರ ಬೇಟೆಯ ಹಕ್ಕಿಯು ಗೆದ್ದಾಗ ಅದಕ್ಕೂ ಒಂದು ತುತ್ತು. ಈ ಹೆಸರುಗಳನ್ನು ಕೊತ್ತಂಬರಿ ಮೆಣಸಿನಕಾಯಿಗಳಿಗೆ ಬದಲಿಸಿದರೆ ಕಟ್ಟಳೆಗಳೆಲ್ಲ ಹುಚ್ಚುಚ್ಚಾಗಿ ಕಾಣುವುವು. ಇನ್ನೊಬ್ಬರ ಬೇಟೆಯಲ್ಲಿ ಬೆಳ್ಳುಳ್ಳಿಗೇಕೆ ಪಾಲು? ಹಕ್ಕಿಯೆಂದೊಡನೆ ಕಟ್ಟಳೆಯು ತಾನಾಗಿ ನೆನಪಿನಲ್ಲಿ ನಿಲ್ಲುವುದು, ಕಲಿಸಬೇಕಾದುದೇ ಇಲ್ಲ. ಸಾಲು ಕಟ್ಟುವ ಆಟದಲ್ಲಿ ಕಥೆಯನ್ನು ಹುದುಗಿಸಬೇಕಾದ ಎಡೆಯು ಇದೇ ಎಂದು ತೋರುವುದು. ಒಂಟಿ ಎಲೆಯ ಚಿತ್ರವನ್ನು ಯಾರು ಬೇಕಾದರೂ ಬರೆಸಬಹುದು. ಎಲೆ ಎಲೆಗಳ ನಡುವಿನ ಸಂಬಂಧವು ಪ್ರಪಂಚದಲ್ಲಿರುವ ಸಂಬಂಧವೇ ಆಗಬೇಕು.

ಸ್ವೀಡನ್ನಿನ ಜೇಕಬ್ ಫ್ರಿಕ್ಸೇಲಿಯಸ್ ಎಂಬವರ ೨೦೧೬ರ ಮಂಗಳಗ್ರಹದ ಆಟದಲ್ಲಿಯೂ ಹೀಗೆಯೇ ಎಂದು ಮಗನು ಹೇಳಿದನು. ಶೂನ್ಯಕ್ಕಿಂತ ೩೦ ಡಿಗ್ರಿ ಕೆಳಗಿರುವ ಶೀತವನ್ನು ಎಲ್ಲರೂ ಸೇರಿ ಏರಿಸುತ್ತ ಬಂದು, ಅದು ಶೂನ್ಯಕ್ಕಿಂತ ೨೪ ಡಿಗ್ರಿ ಕೆಳಕ್ಕೆ ಬಂದಲ್ಲದೆ ಕಲ್ಲುಹೂವಿನ ಎಲೆಯನ್ನು ಇಳಿಸುವಂತಿಲ್ಲವಂತೆ.

ಹಕ್ಕಿಯ ಆಟದಲ್ಲಿ ದೋಷವೇ ಇಲ್ಲವೆಂದಲ್ಲ. ಸಾಲಿನ ಎರಡನೆಯ ಎಡೆಯಿಂದ ಮುಂದಕ್ಕೆ ಹಕ್ಕಿಯನ್ನಿಡಬೇಕಾದರೆ ಆಹಾರದ ಜೊತೆಗೆ ಮೊಟ್ಟೆಗಳನ್ನೂ ತೆರಬೇಕು. ಜೌಗಿನ ಕೊಕ್ಕರೆಯು ಬರಲು ಕಾಡಿನ ಮರಕುಟುಕನ ಮೊಟ್ಟೆಯು ಏಕೆ ಖರ್ಚಾಗಬೇಕು? ಇದಕ್ಕೆ ಯಾರೂ ಉತ್ತರ ಹೇಳಲಿಲ್ಲ. ಅದು ಆಟದ ವೇಗವನ್ನು ಹಿಡಿದಿಡಲು ಹಾಕಿದ ಕಡಿವಾಣ. ಅಲ್ಲಿ ಲೆಕ್ಕವು ಹಕ್ಕಿಯ ವೇಷವನ್ನು ಕಳಚಿ ನಿಂತಿದೆ. ಇಂಥ ಎಡೆಗಳು ಒಳ್ಳೆಯ ಆಟಗಳಲ್ಲಿಯೂ ಇರುವುವು, ಇರಲೂ ಬೇಕೇನೋ.

ಈ ಮಾತುಗಳು ಇಲ್ಲಿಗೇ ಮುಗಿಯುತ್ತಿದ್ದುವು. ಆದರೆ ಮಾರನೆಯ ದಿನ ಮೊಮ್ಮಗಳು ಹಳೆಯ ಮದುವೆಯ ಕರೆಯೋಲೆಗಳನ್ನು ಕತ್ತರಿಸಿ ತಂದು, "ತಾತ, ನಮ್ಮೂರಿನ ಹಕ್ಕಿಗಳದು ಮಾಡೋಣ. ನೀನು ಹೇಳು, ನಾನು ಬರೀತೀನಿ," ಎಂದಳು. ಮೇಷ್ಟರಿಗೆ ಚಂದಾಪುರದ ಕೆರೆಯು ಹುಡುಗುತನದಿಂದಲೂ ಗೊತ್ತು. ಅವರು ಹೇಳುತ್ತ ಹೋದರು. ಕೋಗಿಲೆ: ಯಾರ ಸಾಲಿನಲ್ಲಿಯಾದರೂ ಕಾಗೆಯಿದ್ದಲ್ಲದೆ ಮೊಟ್ಟೆಯಿಡಲಾರದು. ಗೀಜಗ: ನೀರಿನ ಮೇಲೆ ತೂಗುವ ಗೂಡಿನ ಮೊಟ್ಟೆಯನ್ನು ಕಾಗೆಯು ಕದಿಯಲಾರದು. ಟಿಟ್ಟಿಭ: ಬರಿಯ ನೆಲದ ಮೇಲೆ ಇಡುವುದರಿಂದ ಮೊಟ್ಟೆ ಹೋಗುವ ಭಯ ಹೆಚ್ಚು, ಆದರೆ ಕಳ್ಳನು ಬಂದಾಗ ಕೂಗಿ ಎಲ್ಲರನ್ನೂ ಎಚ್ಚರಿಸುವುದು. ಮಿಂಚುಳ್ಳಿ, ನೀರುಕಾಗೆ, ಬೆಳ್ಳಕ್ಕಿ: ಮೂವರಿಗೂ ಮೀನು ಬೇಕು, ಮೀನಿಗೆ ನೀರು ಬೇಕು.

ನೀರಿನ ಸಾಲಿಗೆ ಬಂದಾಗ ಲೇಖನಿಯು ನಿಂತಿತು. "ಈಗಿನ ಕೆರೆಯೋ, ಆಗಿನ ಕೆರೆಯೋ?" ಎಂದು ಹುಡುಗಿಯು ಕೇಳಿದಳು. ಮನೆಗಳ ಕೊಳಚೆಯೂ ಕಾರ್ಖಾನೆಗಳ ಕಲ್ಮಷವೂ ಸೇರಿ ಕೆಟ್ಟುಹೋದ ಆ ಕೆರೆಯ ವಿಷಯದಲ್ಲಿಯೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ೨೦೨೨ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರವು ೫೦೦ ಕೋಟಿ ರೂಪಾಯಿಗಳನ್ನು ಪರಿಹಾರವಾಗಿ ಕಟ್ಟಬೇಕೆಂದು ಆಜ್ಞೆ ಮಾಡಿತ್ತು. ಆಗಿನ ಕೆರೆಯನ್ನೇ ಬರೆಯಬೇಕೆಂದು ತಾತನ ಆಶೆ. ಸುಳ್ಳಾಗುವುದೆಂದು ಮೊಮ್ಮಗಳ ಹಟ. ಕಥೆಗೆ ತಕ್ಕ ಕಟ್ಟಳೆಯಿರಬೇಕೆಂದು ಒಂದು ವಾರದಿಂದ ಬೋಧಿಸುತ್ತಿದ್ದವರು ತಾವೇ ಆದುದರಿಂದ ಮೇಷ್ಟರು ಸೋತರು.

ಕೊನೆಗೆ ಹೀಗೆ ಗೊತ್ತಾಯಿತು. ಕೆರೆಯ ಸಾಲು ಎಲ್ಲ ಆಟಗಾರರಿಗೂ ಸೇರಿ ಒಂದೇ. ಸುತ್ತು ಸುತ್ತಿಗೂ ಅದರ ಒಂದು ಎಡೆಯು ಮುಚ್ಚಿಹೋಗುವುದು. ಮುಚ್ಚದಂತೆ ತಡೆಯಬೇಕಾದರೆ ಯಾರಾದರೂ ತಮ್ಮ ಎರಡು ಮೊಟ್ಟೆಗಳನ್ನು ಕೊಡಬೇಕು. ಫಲವು ಎಲ್ಲರಿಗೂ, ನಷ್ಟವು ಕೊಟ್ಟವರಿಗೆ. ಕಸದಲ್ಲಿ ಬದುಕಬಲ್ಲ ಹದ್ದಿಗೆ ಮಾತ್ರ ಮುಚ್ಚಿದ ಎಡೆಯೊಂದಕ್ಕೆ ಒಂದು ಅಂಕವು ಹೆಚ್ಚು. "ಹೀಗಾದರೆ ಯಾರಮ್ಮ ಆಡ್ತಾರೆ?" ಎಂದು ತಾತ ಕೇಳಿದರು. "ಆಡಿ ನೋಡೋಣ," ಎಂದಳು ಹುಡುಗಿ.

ಆ ಶನಿವಾರ ನಾಲ್ವರು ಕುಳಿತು ಆಡಿದರು. ಮೊದಲನೆಯ ಸುತ್ತಿನಲ್ಲಿ ಸೊಸೆಯು ಎರಡು ಮೊಟ್ಟೆಗಳನ್ನು ಕೊಟ್ಟಳು. ಎರಡನೆಯದರಲ್ಲಿ ಅವಳು ಉಳಿದವರ ಮುಖವನ್ನು ನೋಡಿದಳು. ಅವರು ತಮ್ಮ ತಮ್ಮ ಎಲೆಗಳನ್ನು ನೋಡಿಕೊಂಡರು. ಐದನೆಯ ಸುತ್ತಿನ ಹೊತ್ತಿಗೆ ಕೆರೆಯಲ್ಲಿ ಒಂದೇ ಒಂದು ಎಡೆಯುಳಿದಿತ್ತು, ಅದರಲ್ಲಿ ಮೇಷ್ಟರ ಬೆಳ್ಳಕ್ಕಿಯು ನಿಂತಿತ್ತು. ಎಣಿಸಿದಾಗ ಮೇಷ್ಟರು ಎರಡು ಅಂಕಗಳಿಂದ ಗೆದ್ದಿದ್ದರು.

"ತಾತ, ನಿನ್ನ ಹತ್ತಿರ ಮೊಟ್ಟೆ ಇತ್ತು. ನೀನೂ ಕೊಡಲಿಲ್ಲ," ಎಂದಳು ಮೊಮ್ಮಗಳು.

ಮೇಷ್ಟರು ಏನೂ ಹೇಳದೆ ಎಲೆಗಳನ್ನೆಲ್ಲ ಒಟ್ಟುಗೂಡಿಸಿ ಮತ್ತೆ ಕಲೆಸತೊಡಗಿದರು. ಗಂಟೆ ಹನ್ನೊಂದಾಗಿತ್ತು.