ಒಂದು ಗಂಟೆಯ ದಾರಿ

ಕಲಬುರಗಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಎಷ್ಟು ಹೊತ್ತಿನ ದಾರಿಯೆಂದು ಕೇಳಿದರೆ ‘ಒಂದು ಗಂಟೆಗೆ ಸ್ವಲ್ಪ ಹೆಚ್ಚು’ ಎಂಬ ಉತ್ತರ ದೊರೆಯುವುದು. ಲೆಕ್ಕವೇನೋ ದಿಟ. ಎರಡು ವಿಮಾನ ನಿಲ್ದಾಣಗಳ ನಡುವಣ ನೇರ ಅಂತರ ಸುಮಾರು 460 ಕಿಲೋಮೀಟರು. ಆದರೆ ಇಜೇರಿಯಂಥ ಊರಿನಿಂದ ಹೊರಟವರಿಗೆ ಆ ಒಂದು ಗಂಟೆಯು ಪ್ರಯಾಣದ ಎಷ್ಟನೆಯ ಪಾಲೆಂಬುದನ್ನು ನಾನು 2020ರ ಜನವರಿಯಲ್ಲಿ ಅವ್ವನೊಡನೆ ಹೋಗಿ ಕಲಿತೆನು.

ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುವುದು ನಮ್ಮಲ್ಲಿ ವಾಡಿಕೆ. ಬೆಂಗಳೂರಿನಲ್ಲಿದ್ದ ನನ್ನ ತಂಗಿಗೆ ವೈದ್ಯರು ಪ್ರಯಾಣ ಕೂಡದೆಂದರು. ಆದುದರಿಂದ ತವರೇ ಮಗಳ ಬಳಿಗೆ ಹೊರಡಬೇಕಾಯಿತು. ರೈಲಿನಲ್ಲಾದರೆ ಯಾದಗಿರಿ, ರಾಯಚೂರುಗಳನ್ನು ದಾಟಿ, ಗುಂತಕಲ್ಲಿನ ಮೇಲೆ ಆಂಧ್ರದ ಸೀಮೆಯನ್ನು ಹಾಯ್ದು ನಮ್ಮದೇ ರಾಜಧಾನಿಯನ್ನು ಸೇರಲು ಇಡೀ ರಾತ್ರಿ ಬೇಕು. ಅದಕ್ಕೆ ಎರಡು ತಿಂಗಳ ಹಿಂದೆ, 2019ರ ನವೆಂಬರ್ 22ರಂದು, ಕಲಬುರಗಿಯ ವಿಮಾನ ನಿಲ್ದಾಣ ತೆರೆದಿದ್ದಿತು. ಮೊಣಕಾಲು ನೋವಿನ ಅವ್ವನನ್ನು ವಿಮಾನದಲ್ಲಿಯೇ ಕರೆದೊಯ್ಯುವುದೆಂದು ನಿಶ್ಚಯಿಸಿದೆನು.

ನಸುಕಿನ ಐದಕ್ಕೆ ಬಾಡಿಗೆಯ ಕಾರಿನಲ್ಲಿ ಹೊರಟೆವು. ಎರೆಯ ಹೊಲಗಳಲ್ಲಿ ಬಿಳಿಜೋಳ ತೆನೆ ಹಿಡಿದು ನಿಂತಿತ್ತು. ಜೇವರ್ಗಿಯನ್ನು ಬಿಟ್ಟು ಕಟ್ಟಿಸಂಗಾವಿಯ ಬಳಿ ಭೀಮೆಯ ಸೇತುವೆಯನ್ನು ಏರಿದಾಗ ಅವ್ವ, “ಎಲ್ಲಿಗಿ ಹೊಂಟೀವಿ ತಮ್ಮಾ? ಬೆಂಗಳೂರು ಹಿಂದಿನ ದಿಕ್ಕಿಗಿ ಅದಲ್ಲ?” ಎಂದಳು. ಆಕೆ ಕೇಳಿದುದು ಸರಿಯೇ. ತೆಂಕಣ ಊರಿಗೆ ಹೋಗಲು ನಾವು ಮೊದಲು ಬಡಗಣಕ್ಕೆ ಹೋಗಿ, ಕಲಬುರಗಿಯನ್ನು ದಾಟಿ, ಸೇಡಂ ರಸ್ತೆಯ ನಿಲ್ದಾಣವನ್ನು ಸೇರಬೇಕಾಗಿತ್ತು.

ಅಲ್ಲಿ ನಮ್ಮ ಗಂಟುಗಳನ್ನು ತಕ್ಕಡಿಗೆ ಏರಿಸಿದರು. ತೊಗರಿಬೇಳೆ, ಜೋಳದ ಹಿಟ್ಟು, ಅಂಟಿನ ಉಂಡಿಗಳು ಎಲ್ಲವೂ ಸೇರಿ ತೂಕ ಮಿತಿಯನ್ನು ಮೀರಿತು. “ಬಾಣಂತಿಗಿ ಒಯ್ಯೂದಕ್ಕೂ ತೂಕಾ?” ಎಂದು ಅವ್ವ ಬೆರಗಾದಳು. ಹಿಟ್ಟಿನ ಚೀಲ ಕಾರಿನವನೊಡನೆ ಊರಿಗೆ ಮರಳಿತು.

ವಿಮಾನವು ಮೇಲೇರಿದ ಬಳಿಕ ಗಂಟೆಗೆ 700 ಕಿಲೋಮೀಟರನ್ನು ಮೀರಿ ಹಾರಬಲ್ಲುದು. ಆದರೂ ನೆಲದ ಮೇಲಿನ ಓಟಕ್ಕೂ, ಏರುವುದಕ್ಕೂ, ಇಳಿಯುವುದಕ್ಕೂ ಕಾಲ ಬೇಕಾದುದರಿಂದ ಗಂಟೆ ಮೀರುತ್ತದೆ. ದೇವನಹಳ್ಳಿಯಲ್ಲಿ ಇಳಿದ ಮೇಲೆ ತಂಗಿಯ ಮನೆಗೆ ವಾಹನಗಳ ಸಂದಣಿಯಲ್ಲಿ ಮತ್ತೆ ಎರಡು ಗಂಟೆ. ಬಾಗಿಲು ತಟ್ಟಿದಾಗ ಮಧ್ಯಾಹ್ನ ಎರಡು ಹೊಡೆದಿತ್ತು. ಒಂಬತ್ತು ಗಂಟೆಗಳಲ್ಲಿ ಹಾರಿದುದು ಒಂದು ಗಂಟೆ ಮಾತ್ರ!

ಈ ಲೆಕ್ಕ ನಮ್ಮ ನಾಡಿಗೆ ಮಾತ್ರ ಸಲ್ಲುವುದಲ್ಲ. ಲಂಡನ್ನಿಗೂ ಪ್ಯಾರಿಸ್ಸಿಗೂ ನೇರ ಅಂತರ ಸುಮಾರು 340 ಕಿಲೋಮೀಟರು. ಹಾರಾಟದ ಕಾಲ ಒಂದೂಕಾಲು ಗಂಟೆಯಷ್ಟು. ಆದರೂ ಕಡಲ ಕೆಳಗಣ ಸುರಂಗವು 1994ರಲ್ಲಿ ತೆರೆದಂದಿನಿಂದ ಅನೇಕರು ರೈಲನ್ನೇ ಮೆಚ್ಚುತ್ತಾರೆ. ಅದು ಎರಡೂಕಾಲು ಗಂಟೆಯ ಸುಮಾರಿಗೆ ನಗರದ ನಡುವಿನಿಂದ ನಗರದ ನಡುವಿಗೆ ಒಯ್ಯುವುದು. ಜಾಣರು ಮನೆಯ ಹೊಸ್ತಿಲಿನಿಂದ ಹೊಸ್ತಿಲಿಗೆ ಎಣಿಸುತ್ತಾರೆ.

ವಾಚಕರೂ ಹಾಗೆಯೇ ಎಣಿಸುವುದೊಳಿತು. ಸಣ್ಣ ನಿಲ್ದಾಣಗಳಲ್ಲಿ ವಿಮಾನಗಳ ವೇಳೆ ಬದಲಾಗುವುದುಂಟು, ಸಂಚಾರವೇ ನಿಲ್ಲುವುದೂ ಉಂಟು, ವಿಚಾರಿಸಿಯೇ ಹೊರಡಬೇಕು.

ಆದರೂ ಆ ಒಂದು ಗಂಟೆಯನ್ನು ನಾನು ಹಗುರವೆಣಿಸಲಾರೆನು. ಅಂದು ರಾತ್ರಿಯೇ ತಂಗಿಗೆ ಬೇನೆ ಕಾಣಿಸಿತು. ರೈಲನ್ನು ನಂಬಿದ್ದರೆ ಅವ್ವ ಆ ಹೊತ್ತಿಗೆ ಗುಂತಕಲ್ಲಿನ ಆಚೀಚೆ ಎಲ್ಲಿಯೋ ಇರುತ್ತಿದ್ದಳು. ಬೆಳಗಿನ ಜಾವ ಮೊಮ್ಮಗಳು ಹುಟ್ಟಿದಾಗ ಆಕೆ ಮಗಳ ತಲೆಗಡೆಯಲ್ಲಿದ್ದಳು.