ಕೊಲೆಗಾರ ಯಾರು ಅನ್ನೋದು ಮುಖ್ಯ ಅಲ್ಲ

"ವೀಕೆಂಡಿಗೆ ಒಂದು ಒಳ್ಳೇ ಕ್ರೈಂ ಸೀರೀಸ್ ಹೇಳೋ" ಅಂತ ಕೇಳೋರು ತುಂಬಾ ಜನ. ಹೆಸರು ಹೇಳಿದ ಕೂಡಲೇ, "ಕೊಲೆಗಾರ ಯಾರು ಅಂತ ಮಾತ್ರ ಬಾಯ್ಬಿಡಬೇಡ ಮಾರಾಯ" ಅಂತ ಒಂದು ಕಂಡೀಶನ್ನು ಬೇರೆ :-)

ನನ್ನ ಲೆಕ್ಕ ಸ್ವಲ್ಪ ಬೇರೆ. ಕೊಲೆಗಾರನ ಹೆಸರು ಗೊತ್ತಾದ ಮೇಲೂ ಎದ್ದು ಹೋಗೋಕೆ ಮನಸ್ಸು ಬರಲಿಲ್ಲ ಅಂದ್ರೆ ಅದು ಒಳ್ಳೇ ಸೀರೀಸು. ನಮ್ಮ ಕೆಲಸದಲ್ಲೂ ಹಾಗೇ ಅಲ್ವಾ? ಮಧ್ಯರಾತ್ರಿ ಸರ್ವರ್ ಬಿದ್ದರೆ, ಆ ಸಾಲು ಬರೆದೋರು ಯಾರು ಅಂತ 'ಗಿಟ್ ಬ್ಲೇಮ್' ಕ್ಷಣದಲ್ಲಿ ಹೇಳಿಬಿಡುತ್ತೆ. ಅಷ್ಟು ಜನರ ಕಣ್ಣು ತಪ್ಪಿಸಿ ಅದು ಒಳಗೆ ಬಂದಿದ್ದು ಹೇಗೆ ಅನ್ನೋದೇ ನಿಜವಾದ ತನಿಖೆ.

'ಪಾತಾಳ್ ಲೋಕ್' ಮೊದಲ ಸೀಸನ್ (ಪ್ರೈಮ್, 2020) ನೋಡಿ. ದೆಹಲಿಯಲ್ಲಿ ಒಬ್ಬ ಟೀವಿ ಪತ್ರಕರ್ತನನ್ನು ಕೊಲ್ಲೋಕೆ ಹೊರಟಿದ್ದರು ಅಂತ ನಾಲ್ಕು ಜನ ಮೊದಲ ಕಂತಲ್ಲೇ ಸಿಕ್ಕಿಬೀಳ್ತಾರೆ. ಆಮೇಲೆ ಇನ್ಸ್‌ಪೆಕ್ಟರ್ ಹಾಥಿರಾಮ್ ಹುಡುಕೋದು, ಇವರೆಲ್ಲ ಇಲ್ಲಿಗೆ ಬಂದು ತಲುಪಿದ್ದು ಹೇಗೆ ಅಂತ. ಜೈದೀಪ್ ಅಹ್ಲಾವತ್ ನಟನೆಗಾದ್ರೂ ನೋಡಬೇಕು.

'ಕೊಹ್ರಾ' ಮೊದಲ ಸೀಸನ್ (ನೆಟ್‌ಫ್ಲಿಕ್ಸ್, 2023) ಪಂಜಾಬಿನ ಕಥೆ. ಮದುವೆಗೆ ಅಂತ ವಿದೇಶದಿಂದ ಬಂದ ವರ ಹೊಲದಲ್ಲಿ ಹೆಣವಾಗಿ ಸಿಗ್ತಾನೆ. ತನಿಖೆ ಮಾಡೋ ಪೊಲೀಸಿನವನಿಗೆ (ಸುವಿಂದರ್ ವಿಕ್ಕಿ) ಸ್ವಂತ ಮಗಳ ಜೊತೆಗೇ ಸರಿ ಇಲ್ಲ. ಊರವರ ಮನೆಗಳ ಗುಟ್ಟು ಕೆದಕುತ್ತಾ ಹೋದ ಹಾಗೆ ತನ್ನ ಮನೆಯ ಕಥೇನೂ ಎದುರಿಗೆ ಬಂದು ನಿಲ್ಲುತ್ತೆ.

ಇನ್ನು 'ಅಡಾಲಸೆನ್ಸ್' (ನೆಟ್‌ಫ್ಲಿಕ್ಸ್, 2025). ನಾಲ್ಕೇ ಕಂತು, ಒಂದೊಂದು ಕಂತೂ ಒಂದೇ ಶಾಟ್. ಇಂಗ್ಲೆಂಡಿನಲ್ಲಿ 13 ವರ್ಷದ ಹುಡುಗನನ್ನು ಸಹಪಾಠಿಯ ಕೊಲೆ ಆರೋಪದ ಮೇಲೆ ಪೊಲೀಸರು ಬೆಳ್ಳಂಬೆಳಗ್ಗೆ ಹಿಡ್ಕೊಂಡು ಹೋಗ್ತಾರೆ. ಕೊಂದಿದ್ದು ಯಾರು ಅನ್ನೋದು ಮೊದಲ ಕಂತಲ್ಲೇ ಮುಗಿದುಹೋಗುತ್ತೆ. ಉಳಿದಿದ್ದೆಲ್ಲ ಯಾಕೆ ಅನ್ನೋದು. ಮಗ ತನ್ನ ರೂಮಿನಲ್ಲಿ ಕಂಪ್ಯೂಟರ್ ಮುಂದೆ ಇದ್ದಾನೆ, ಸೇಫಾಗಿದ್ದಾನೆ ಅಂದ್ಕೊಂಡ ಅಪ್ಪ ಅಮ್ಮನ ಕಥೆ ಅದು.

ಇದನ್ನ ಅಕ್ಕನ ಜೊತೆ ಕೂತು ನೋಡಿದೆ. ಅವಳಿಗೆ ಆ ಇಂಗ್ಲಿಷು ಹಿಡಿಯೋದು ಕಷ್ಟ, ಹಾಗಾಗಿ ಆಗಾಗ ನಿಲ್ಲಿಸಿ ಕನ್ನಡದಲ್ಲಿ ಹೇಳ್ತಾ ಇದ್ದೆ. ಮುಗಿದ ಮೇಲೆ ಅವಳು ಏನೂ ಮಾತಾಡಲಿಲ್ಲ. ಎದ್ದು ಹೋಗಿ ಮಗನ ರೂಮಿನ ಬಾಗಿಲು ತಟ್ಟಿ "ಊಟ ಆಯ್ತೇನೋ?" ಅಂದಳು. ಅವನು ಎಂಟನೇ ಕ್ಲಾಸು. ಅವತ್ತು ನಮ್ಮ ಜೊತೆಗೇ ಕೂತು ಊಟ ಮಾಡಿದ್ದ.

ಅಕ್ಕನಿಗೆ ನಾಟಿದ್ದು ಇಂಗ್ಲೆಂಡಿನ ಕಥೆಯಲ್ಲ. ಮುಚ್ಚಿದ ಆ ಬಾಗಿಲು ತುಮಕೂರಿನಲ್ಲೂ ಇದೆ, ಹಾಸನದಲ್ಲೂ ಇದೆ. ಅದರ ಕಥೆ ಹೇಳೋ ಸೀರೀಸು ನಮ್ಮ ಭಾಷೆಯಲ್ಲಿ ಎಷ್ಟಿವೆ? 'ಏಕಂ' ಅಂತ ಕರಾವಳಿಯ ಏಳು ಕಥೆಗಳ ಚೆಂದದ ಸರಣಿ ಬಂತು. ಓಟಿಟಿಯವರು ಯಾರೂ ತಗೊಳ್ಳದೆ, 2024ರಲ್ಲಿ ಮಾಡಿದವರೇ ತಮ್ಮ ವೆಬ್‌ಸೈಟಿನಲ್ಲಿ ಬಿಡುಗಡೆ ಮಾಡಬೇಕಾಯ್ತು. ಮರುವರ್ಷ ಜ಼ೀ5ನಲ್ಲಿ 'ಅಯ್ಯನ ಮನೆ' ಬಂತು. ಚಿಕ್ಕಮಗಳೂರಿನ ಮನೆಯೊಂದರ ಸೊಸೆಯಂದಿರ ಸಾವಿನ ಕಥೆ. ಅಮ್ಮನ ಜೊತೆ ಕೂತು ನೋಡಬಹುದು, ನಡುವೆ ನಿಲ್ಲಿಸಿ ಅರ್ಥ ಹೇಳೋ ಕೆಲಸ ಇಲ್ಲ.

ಹಿಂದಿ, ಇಂಗ್ಲಿಷಿಗೆ ತಿಂಗಳು ತಿಂಗಳು ದುಡ್ಡು ಕಟ್ಟೋ ನಾವು ಇವನ್ನೂ ದುಡ್ಡು ಕೊಟ್ಟು ನೋಡೋಣ. ಟೆಲಿಗ್ರಾಂನಲ್ಲಿ ಇಳಿಸ್ಕೊಂಡು ನೋಡಿ, ಕನ್ನಡದಲ್ಲಿ ಏನೂ ಬರಲ್ಲ ಅಂತ ಕೊರಗೋದು ಬೇಡ. ನಿಮ್ಮ ಪಟ್ಟಿ ಏನು, ಹೇಳಿ. ಕೊಲೆಗಾರ ಯಾರು ಅಂತಾನೂ ಹೇಳಿ, ಪರವಾಗಿಲ್ಲ...